ಆರ್ಲೊ ಸ್ಕಾಗ್ ಕಾಯಂ ಕೆಲಸ ಬಿಟ್ಟದ್ದು

ಹಾಲ್ಬಿ ಊರಿನ ಶಾಲೆಯನ್ನು ಬೆಚ್ಚಗಿಡುವ ಬಾಯ್ಲರನ್ನು ಇಪ್ಪತ್ತನಾಲ್ಕು ವರ್ಷ ಬೈದು, ಒದ್ದು, ರಮಿಸಿ ಉರಿಸಿದ ಆರ್ಲೊ ಸ್ಕಾಗ್ ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ ಸ್ವತಂತ್ರನಾಗಲು ನಿರ್ಧರಿಸಿದ. ದೇಶಗಳು ಸ್ವತಂತ್ರವಾಗುವಾಗ ಅದಕ್ಕೆ ಏನೇನೋ ಘನವಾದ ಕಾರಣಗಳನ್ನು ಕೊಡುತ್ತವೆ. ಆರ್ಲೊನಿಗೆ ಕಾರಣ ಸಿಕ್ಕಿದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ.

ಕ್ರಿಸ್ಮಸ್ಸಿಗೆ ಹತ್ತು ದಿನ ಇರುವಾಗ ಅವನು ಶಾಲೆಯ ನಲ್ಲಿಗೆ ಎರಡು ವಾಷರ್ ಕೊಳ್ಳಲು ಹೋಗಿದ್ದ. ಪಕ್ಕದೂರಿನ ಕಂಟ್ರಾಕ್ಟರ್ ಬ್ರೆಕೆ ಅಲ್ಲೇ ಕೌಂಟರಿಗೆ ಒರಗಿ ಕಾಫಿ ಕುಡಿಯುತ್ತಿದ್ದ. ಬ್ಯಾಂಕಿನ ಮ್ಯಾನೇಜರು ಬಂದು, ಟೊಪ್ಪಿ ತೆಗೆದು, "ನಮ್ಮನೆ ಕಡೆ ಯಾವಾಗ ಬರೋಕಾಗುತ್ತೆ?" ಎಂದು ಕೇಳಿದರು. ಬ್ರೆಕೆ ಜೇಬಿನಿಂದ ಕಪ್ಪು ಡೈರಿ ತೆಗೆದ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ. "ಮಂಗಳವಾರ... ಊಹೂಂ. ಗುರುವಾರ ಮಧ್ಯಾಹ್ನದ ಮೇಲೆ ನೋಡೋಣ" ಎಂದ. ಮ್ಯಾನೇಜರು ಅದಕ್ಕೆ ಥ್ಯಾಂಕ್ಸ್ ಹೇಳಿ ಹೋದರು.

ಆರ್ಲೊ ವಾಷರನ್ನು ಕೈಯಲ್ಲಿ ಹಿಡಿದು ಕಲ್ಲಿನ ಹಾಗೆ ನಿಂತ. ಇಪ್ಪತ್ತನಾಲ್ಕು ವರ್ಷದಲ್ಲಿ ಅವನನ್ನು ಯಾರೂ 'ಯಾವಾಗ ಬರೋಕಾಗುತ್ತೆ' ಎಂದು ಕೇಳಿರಲಿಲ್ಲ. ಶಾಲೆಯ ಧ್ವನಿವರ್ಧಕದಲ್ಲಿ "ಆರ್ಲೊ, ಮೂರನೇ ಕ್ಲಾಸು, ವಾಂತಿ" ಎಂದು ಕೂಗುತ್ತಿದ್ದರು, ಅಷ್ಟೆ. ಅವನು ವಾಷರಿನ ಜೊತೆಗೆ ಒಂದು ಕಪ್ಪು ಡೈರಿಯನ್ನೂ ಕೊಂಡುಕೊಂಡು ಮನೆಗೆ ಬಂದ.

ಹೆಂಡತಿ ಮಾರ್ಲಿಸ್ ಊರಿನ ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸ ಮಾಡುವವಳು. ಗಂಡನ ಭಾಷಣವನ್ನು ಕೊನೆಯವರೆಗೂ ಕೇಳಿದಳು.

"ಬೇಡ ಅನ್ನೋಲ್ಲ ಕಣೋ. ಆದ್ರೆ ಒಂದು ನೆನಪಿಟ್ಕೊ. ನನ್ನ ಎಡಗಾಲು ನಿಂತಿರೋದು ನಿನ್ನ ಶಾಲೆಯ ವಿಮೆ ಮೇಲೆ."

ಮಾರ್ಲಿಸ್‌ಳ ಎಡ ಮಂಡಿಗೆ ಬರುವ ಬೇಸಿಗೆಯಲ್ಲಿ ಆಪರೇಷನ್ ಆಗಬೇಕಿತ್ತು. ಕಾಯಂ ಕೆಲಸ ಹೋದರೆ ವಿಮೆಯೂ ಹೋಗುತ್ತದೆ. ಆಮೇಲೆ ಅದನ್ನು ತಾವೇ ಕೊಳ್ಳಬೇಕು. ಕೊಳ್ಳಬೇಕಾದರೆ ತಿಂಗಳು ತಿಂಗಳೂ ಕೆಲಸ ಸಿಗುತ್ತಿರಬೇಕು.

"ಕೆಲಸ ನಿಜವಾಗಿ ಇದ್ರೆ ವಿಮೆ ಕೊಂಡ್ಕೊಳ್ಳೋಣ. ನಾನು ಹೆದರೋಳಲ್ಲ. ಆದ್ರೆ ನಿಜವಾಗಿ ಇರ್ಬೇಕು. ನಿನ್ನ ತಲೆಯೊಳಗೆ ಇದ್ರೆ ಆಗೋಲ್ಲ" ಎಂದಳು ಮಾರ್ಲಿಸ್.

ಶಾಲೆಯ ಮುಖ್ಯಸ್ಥೆ ಕಾರ್ಲೀನ್ ವಾಸ್ ದೊಡ್ಡ ಮನಸ್ಸಿನವಳು. ಮೂರು ತಿಂಗಳು ಸಂಬಳವಿಲ್ಲದ ರಜೆ ಕೊಟ್ಟಳು. ವಿಮೆಯನ್ನೂ ಅಲ್ಲಿಯವರೆಗೆ ಉಳಿಸಿದಳು. "ಮಾರ್ಚ್ ಮೂವತ್ತೊಂದು, ಶುಕ್ರವಾರ, ಸಂಜೆ ನಾಲ್ಕು ಗಂಟೆ. ಬರ್ತೀನಿ ಅಂತಾನೋ ಬರೋಲ್ಲ ಅಂತಾನೋ ಒಂದು ಕಾಗದ ನನ್ನ ಟೇಬಲ್ ಮೇಲಿರಲಿ. ಅಲ್ಲಿವರೆಗೂ ಈ ರಜೆ ವಿಷಯ ಬಾಯಿ ಬಿಡಬೇಡ. ಈ ಜಾಗಾನ ನಿನಗಾಗಿ ಹಿಡಿದಿಟ್ಟಿದ್ದೀನಿ ಅಂತ ಗೊತ್ತಾದ್ರೆ ನಮ್ಮ ಬೋರ್ಡಿನ ಸದಸ್ಯರ ಅಳಿಯಂದಿರೆಲ್ಲ ನಾಳೆ ಬೆಳಗ್ಗೆ ಬಾಗಿಲಲ್ಲಿರ್ತಾರೆ" ಎಂದಳು. ಆರ್ಲೊ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟ.

ಇನ್ನು ಉಳಿದದ್ದು ಊರಿಗೆ ಸುದ್ದಿ ಹೇಳುವುದು. ಜನವರಿಯ ಮೊದಲ ಭಾನುವಾರ, ಪೂಜೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವ ಹೊತ್ತಿಗೆ ಅವನು ಮುಹೂರ್ತ ಇಟ್ಟುಕೊಂಡಿದ್ದ. ಕನ್ನಡಿಯ ಮುಂದೆ ನಾಲ್ಕು ಸಲ ಅಭ್ಯಾಸ ಮಾಡಿದ್ದ: 'ಇವತ್ತಿನಿಂದ ನಾನು ಸ್ವತಂತ್ರ ಕಂಟ್ರಾಕ್ಟರ್. ಏನೇ ರಿಪೇರಿ ಇದ್ದರೂ ಕರೆಯಿರಿ. ಡೈರಿ ನೋಡಿ ಹೇಳುತ್ತೇನೆ.'

ಆದರೆ ಹಾಲ್ಬಿಯಲ್ಲಿ ಹುಟ್ಟಿದವನ ನಾಲಿಗೆ ಅವನ ಸ್ವಂತದ್ದಲ್ಲ. ನಮ್ಮ ಮಿನ್ನೆಸೋಟ ರಾಜ್ಯದ ಈ ಮೂಲೆಯಲ್ಲಿ ಕಳ್ಳತನ ಮಾಡಿದವನನ್ನು ಕ್ಷಮಿಸುತ್ತಾರೆ, ತನ್ನ ಬಗ್ಗೆ ತಾನೇ ಹೇಳಿಕೊಂಡವನನ್ನು ಕ್ಷಮಿಸುವುದಿಲ್ಲ. ಲಾಟರಿ ಹೊಡೆದವನು 'ಪರವಾಗಿಲ್ಲ' ಅನ್ನಬೇಕು. ಕಾಲು ಮುರಿದವನೂ 'ಪರವಾಗಿಲ್ಲ' ಅನ್ನಬೇಕು. ಕಾಫಿಯನ್ನು ಬೇಕು ಅನ್ನುವುದಕ್ಕೂ ಮೊದಲು ಎರಡು ಸಲ ಬೇಡ ಅನ್ನಬೇಕು. ಅಲ್ಲಿ ಮೂವತ್ತು ಜೊತೆ ಕಣ್ಣುಗಳ ಮುಂದೆ ಆರ್ಲೊ ಎದ್ದು ನಿಂತಾಗ ಬಾಯಿಂದ ಬಂದದ್ದು ಹೀಗೆ:

"ಅಂಥ ದೊಡ್ಡ ವಿಷಯ ಏನಲ್ಲ... ಶಾಲೆ ಕೆಲಸ ಸಾಕು ಅನ್ನಿಸ್ತು. ನಾನೂ ಮಾರ್ಲಿಸ್ಸೂ ಕೂತು ಮಾತಾಡಿದ್ವಿ. ಇನ್ಮೇಲೆ ಸ್ವಂತವಾಗಿ ಏನೋ ಚೂರುಪಾರು ಮಾಡ್ಕೊಂಡಿರೋಣ ಅಂತ."

ಇಡೀ ನೆಲಮಾಳಿಗೆ ಕಾಫಿ ಲೋಟ ಕೆಳಗಿಟ್ಟಿತು. ಬೆಣ್ಣೆ ತೆಗೆಯುವ ಕ್ರೀಮರಿ ಮುಚ್ಚಿದಾಗ ಅದರ ಮ್ಯಾನೇಜರು ಆಡಿದ್ದು ಇದೇ ಮಾತು. ಬಸ್ಸನ್ನು ಕೆರೆಗೆ ಇಳಿಸಿದ ಡ್ರೈವರು ಆಡಿದ್ದೂ ಇದೇ ಮಾತು. ಹಾಲ್ಬಿಯಲ್ಲಿ ಕೆಲಸದಿಂದ ಒದೆಸಿಕೊಂಡು ಹೊರಬಿದ್ದ ಮನುಷ್ಯ ಮರ್ಯಾದೆಯಾಗಿ ಆಡಬೇಕಾದ ಮಾತೇ ಇದು. ಬೇರೆ ಮಾತು ಇದುವರೆಗೆ ಯಾರೂ ಕಂಡುಹಿಡಿದಿಲ್ಲ.

ಪಕ್ಕದ ಮನೆಯ ಡೊರೀನ್ ಉಲ್‌ಸ್ಟಾಡ್ ಆರ್ಲೊನ ತಟ್ಟೆಗೆ ಎರಡನೆಯ ಕೇಕು ತುಂಡು ಇಟ್ಟಳು. ಅವಳ ಗಂಡ ಲೊವೆಲ್ ಆರ್ಲೊನ ಭುಜವನ್ನು ಒಮ್ಮೆ ತಟ್ಟಿದ. ಲೊವೆಲ್ ಹಾಗೆ ಮುಟ್ಟಿದ್ದು ಆರ್ಲೊನ ತಂದೆ ತೀರಿಕೊಂಡ ದಿನ ಬಿಟ್ಟರೆ ಇದೇ ಮೊದಲು. ಆರ್ಲೊನ ಎದೆ ತುಂಬಿಬಂತು. ಮನೆಗೆ ಹೋಗುವಾಗ ಕಾರಿನಲ್ಲಿ ಹೆಂಡತಿಗೆ ಹೇಳಿದ: "ನೋಡಿದ್ಯಾ? ಹೊಟ್ಟೆಕಿಚ್ಚು ಪಡ್ತಾರೆ ಅಂದ್ಕೊಂಡಿದ್ದೆ. ಎಂಥ ಗೌರವ."

ಮರುದಿನ ಬೆಳಗ್ಗೆ ಡೊರೀನ್ ಗಾಜಿನ ಪಾತ್ರೆಯಲ್ಲಿ ಹಾಟ್‌ಡಿಶ್ ತಂದಳು. ಕೆಳಗೆ ಕೀಮಾ, ನಡುವೆ ಅಣಬೆಯ ಸೂಪು, ಮೇಲೆ ಆಲೂಗಡ್ಡೆಯ ಹುರಿದ ಉಂಡೆಗಳು ಸಾಲಾಗಿ, ಮಿಲಿಟರಿ ಕವಾಯತಿನ ಹಾಗೆ.

"ಪಾತ್ರೆ ವಾಪಸ್ ಕೊಡೋಕೇನೂ ಅವಸರ ಇಲ್ಲ ಮಾರಾಯಾ. ಇಟ್ಕೊಂಡ್ರೂ ಪರವಾಗಿಲ್ಲ" ಎಂದಳು, ಆರ್ಲೊನ ಮುಖ ನೋಡದೆ.

ಬುಧವಾರದ ಹೊತ್ತಿಗೆ ಏಳು ಹಾಟ್‌ಡಿಶ್ ಆದವು. ಫ್ರಿಜ್ಜಿನಲ್ಲಿ ಜಾಗ ಸಾಲದೆ ಮೂರನ್ನು ಹಿತ್ತಲ ಹಿಮದಲ್ಲಿ ಹೂತಿಟ್ಟರು. ಮಾರ್ಲಿಸ್ ಸೊಂಟಕ್ಕೆ ಕೈಯಿಟ್ಟು ಅಡುಗೆಮನೆಯ ಕಿಟಕಿಯಿಂದ ಆ ಹಿಮದ ದಿಬ್ಬವನ್ನು ನೋಡಿದಳು.

"ಆರ್ಲೊ, ಇದು ಸಾವಾದ ಮನೆಗೆ ತರೋ ಊಟ ಕಣೋ."

"ಶುಭ ಕಾರ್ಯಕ್ಕೂ ತರ್ತಾರೆ."

"ಶುಭ ಕಾರ್ಯಕ್ಕೆ ಕೇಕು ತರ್ತಾರೆ. ಲೈಬ್ರರೀಲೂ ಎಲ್ರೂ ನನ್ನ ಕೈ ಸವರಿ ಹೋಗ್ತಿದ್ದಾರೆ. ಏನೋ ಎಡವಟ್ಟಾಗಿದೆ."

"ನಿನಗೆ ಎಲ್ಲದರಲ್ಲೂ ಅನುಮಾನ" ಎಂದು ಆರ್ಲೊ ಮೂರನೆಯ ಸಲ ಬಡಿಸಿಕೊಂಡ. ಏನು ವಿಷಯವೆಂದು ಊರಿನವರನ್ನು ಮಾರ್ಲಿಸ್ ನೇರವಾಗಿ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ನೇರವಾಗಿ ಕೇಳುವುದು ಎಂಬ ಪದ್ಧತಿ ಹಾಲ್ಬಿಗೆ ಇನ್ನೂ ಬಂದಿಲ್ಲ.

ಮುಂದಿನ ಸೋಮವಾರ ಮೊದಲ ಗಿರಾಕಿಯ ಫೋನು ಬಂತು. ಡೊರೀನ್.

"ಆರ್ಲೊ, ನಮ್ಮ ಅಡುಗೆಮನೆ ನಲ್ಲಿ ಸೋರ್ತಿದೆ. ನಿನಗೆ ಪುರುಸೊತ್ತು ಇದ್ರೆ, ತೊಂದ್ರೆ ಇಲ್ದಿದ್ರೆ, ಬೇರೇನೂ ಕೆಲಸ ಇಲ್ದಿದ್ರೆ..."

"ಡೈರಿ ನೋಡಿ ಹೇಳ್ತೀನಿ" ಎಂದ ಆರ್ಲೊ. ಡೈರಿಯ ಖಾಲಿ ಹಾಳೆಗಳನ್ನು ಫೋನಿಗೆ ಕೇಳಿಸುವ ಹಾಗೆ ತಿರುವಿದ. "ಈವತ್ತು ಹತ್ತು ಗಂಟೆಗೆ ಒಂದು ಚೂರು ಬಿಡುವಿದೆ."

ನಲ್ಲಿಯಲ್ಲಿ ತೊಂದರೆ ಏನೂ ಇರಲಿಲ್ಲ. ಯಾರೋ ಅದರ ತಲೆಯನ್ನು ಎರಡು ಸುತ್ತು ಸಡಿಲಿಸಿದ್ದರು. ಲೊವೆಲ್ ಬಾಗಿಲಲ್ಲಿ ನಿಂತು ಸೂರು ನೋಡುತ್ತಿದ್ದ. ಅವನ ಹಿಂದಿನ ಜೇಬಿನಿಂದ ಸ್ಪ್ಯಾನರಿನ ಹಿಡಿ ಹೊರಗೆ ಇಣುಕುತ್ತಿತ್ತು. ಆರ್ಲೊ ಎರಡು ಸುತ್ತು ಬಿಗಿದ. ಡೊರೀನ್ ಕೈ ಜೋಡಿಸಿಕೊಂಡು, "ಎಂಥ ಕೈಗುಣ. ಲೊವೆಲ್, ನೋಡಿದ್ರಾ? ಎಂಥ ಕೈಗುಣ" ಎಂದಳು. ಲೊವೆಲ್ ಸೂರು ನೋಡುತ್ತಲೇ ಹೂಂ ಅಂದ.

ಮಂಗಳವಾರ ಗೆರ್ಹಾರ್ಡ್ ತಾತ ಕರೆದ. ಈ ತಾತ ಎಂಬತ್ತೆರಡು ವರ್ಷದವನು. ಯುದ್ಧಕಾಲದ ಟ್ರಾಕ್ಟರನ್ನು ಬಿಚ್ಚಿ ಜೋಡಿಸಿ ಇನ್ನೂ ಓಡಿಸುತ್ತಾನೆ. ಅವನ ಮನೆಯ ಕಪಾಟಿನ ಬಾಗಿಲು ಕಳಚಿ ನೆಲದ ಮೇಲಿತ್ತು. ಅದರ ಆರು ಸ್ಕ್ರೂಗಳು ಪಕ್ಕದಲ್ಲಿ ಒಂದು ಸಾಸರಿನಲ್ಲಿದ್ದವು, ಎಣ್ಣೆ ಹಚ್ಚಿ ಒರೆಸಿ ಇಟ್ಟಂಥವು.

"ತಾನಾಗೇ ಬಿತ್ತು" ಎಂದ ತಾತ.

"ಸ್ಕ್ರೂ ಸಾಸರಿಗೆ ಹೆಂಗೆ ಬಂತು ತಾತ?"

ತಾತ ಬಹಳ ಹೊತ್ತು ಯೋಚಿಸಿದ. "ಉರುಳ್ಕೊಂಡು."

ಹೀಗೆ ಶುರುವಾದದ್ದು ನಿಲ್ಲಲೇ ಇಲ್ಲ. ಬ್ಯಾಂಕಿನ ಮ್ಯಾನೇಜರರ ಮನೆಯ ಕಮೋಡು, ಅಂಚೆಯವಳ ಗ್ಯಾರೇಜು, ಚರ್ಚು ನಡೆಸುವ ಪಾಸ್ಟರಮ್ಮ ಲಿನೀಯಾಳ ಸ್ನಾನದ ಮನೆಯ ಬಾಗಿಲು, ಇನ್ನೆರಡು ಮನೆಯ ಕಮೋಡು. ದಿನಕ್ಕೊಂದು ಕೆಲಸ, ಎಂದೂ ಎರಡಿಲ್ಲ, ಎಂದೂ ಸೊನ್ನೆಯಿಲ್ಲ. ಈಸ್ಟರಿಗೆ ಮುಂಚಿನ ಲೆಂಟ್ ವ್ರತ ಶುರುವಾದ ಮೇಲೆ ಬುಧವಾರ ಮಾತ್ರ ಬಿಡುವು. ಆ ದಿನ ಸಂಜೆ ಎಲ್ಲರೂ ಚರ್ಚಿನಲ್ಲಿ ಸೂಪು ಊಟಕ್ಕೆ ಸೇರುತ್ತಿದ್ದರು. ಸಾಮಾನ್ಯ ಮನುಷ್ಯನಿಗೆ ಇದರಲ್ಲಿ ಏನೋ ವಾಸನೆ ಬರಬೇಕು. ಆರ್ಲೊನಿಗೆ ಬಂದದ್ದು ಹೆಮ್ಮೆ.

"ಬ್ರೆಕೆ ಗಿರಾಕಿಗಳು ಒಂದೇ ದಿನ ಹತ್ತು ಜನ ನುಗ್ತಾರೆ, ಕಚ್ಚಾಡ್ತಾರೆ. ನನ್ನ ಗಿರಾಕಿಗಳು ನೋಡು, ಎಷ್ಟು ಶಿಸ್ತು" ಎಂದು ಮಾರ್ಲಿಸ್‌ಗೆ ಹೇಳಿದ. ಪಿಕಪ್ ಗಾಡಿಯ ಬಾಗಿಲಿಗೆ 'ಸ್ಕಾಗ್ ರಿಪೇರಿ' ಎಂದು ಬರೆಸಿದ. ಅಂಗಡಿಯಲ್ಲಿ ಬ್ರೆಕೆ ಸಿಕ್ಕಿದಾಗ ಅವನ ಹೆಗಲ ಮೇಲೆ ಕೈಹಾಕಿ, "ನಿನಗೆ ಹೆಚ್ಚಾದ ಕೆಲಸ ಇದ್ರೆ ನನಗೆ ಕಳಿಸಬೇಡ ಮಾರಾಯ, ನನಗೇ ಸಾಕಾಗಿದೆ" ಎಂದ. ಬ್ರೆಕೆ ಅವನನ್ನು ತುಂಬ ಹೊತ್ತು ನೋಡಿ, ತಾನು ತಿನ್ನುತ್ತಿದ್ದ ಡೋನಟ್ಟಿನ ಉಳಿದ ಅರ್ಧವನ್ನು ಅವನಿಗೇ ಕೊಟ್ಟ.

ಮಾರ್ಚ್ ಮೂರನೆಯ ವಾರ ಕಾರ್ಲೀನ್ ವಾಸ್ ತಾನೇ ಮನೆಗೆ ಬಂದಳು. ಬಾಯ್ಲರು ಅವಳನ್ನು ಹಣ್ಣು ಮಾಡಿತ್ತು.

"ಇನ್ನು ಹತ್ತು ದಿನ ಇದೆ ಆರ್ಲೊ. ಏನಂತೀಯ?"

ಆರ್ಲೊ ಡೈರಿ ತೆರೆದು ಅವಳ ಮುಂದೆ ಹಿಡಿದ. ಅವನ ಮುಖದಲ್ಲಿ ಅವಳ ಬಗ್ಗೆ ಕನಿಕರವಿತ್ತು. "ನೀವೇ ನೋಡಿ ಮೇಡಂ. ಇದರಲ್ಲಿ ಶಾಲೆಗೆ ಜಾಗ ಎಲ್ಲಿದೆ?" ಅವಳು ಹೋದ ಮೇಲೆ ಕುಳಿತು 'ಬರೋಲ್ಲ' ಎನ್ನುವ ಕಾಗದವನ್ನು ದಪ್ಪ ಅಕ್ಷರದಲ್ಲಿ ಬರೆದ, ಸಹಿಯ ಕೆಳಗೆ ಎರಡು ಗೆರೆ ಎಳೆದ. ಮಾರ್ಲಿಸ್ ಅದನ್ನು ಓದಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಡೈರಿಯನ್ನು ಅವಳೂ ಹಾಳೆ ಹಾಳೆಯಾಗಿ ನೋಡಿದ್ದಳು. ಅವನು ಬೆಳಗ್ಗೆ ಶೂ ಕಟ್ಟಿಕೊಳ್ಳುವಾಗ ಸಿಳ್ಳೆ ಹಾಕುವುದನ್ನೂ ಕೇಳಿದ್ದಳು. ಮದುವೆಯಾದ ಮೊದಲ ವರ್ಷದ ನಂತರ ಅವನು ಸಿಳ್ಳೆ ಹಾಕಿರಲಿಲ್ಲ. ಅನುಮಾನಪಟ್ಟದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಗುರುವಾರ, ಮಾರ್ಚ್ ಮೂವತ್ತು. ಮನೆಯಲ್ಲಿ ಉಳಿದಿದ್ದ ಪಾತ್ರೆಗಳಲ್ಲಿ ನಾಲ್ಕರ ತಳದ ಹೆಸರಿನ ಪಟ್ಟಿ ತೊಳೆದೂ ತೊಳೆದೂ ಕಿತ್ತುಹೋಗಿತ್ತು. ಯಾರದೆಂದು ಗೊತ್ತಾಗದ ಪಾತ್ರೆಗಳನ್ನು ಚರ್ಚಿನ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬರುವುದು ಊರಿನ ರೂಢಿ. ಖಾಲಿ ಪಾತ್ರೆ ಕೊಡಬಾರದೆಂದು ಮಾರ್ಲಿಸ್ ಬಿಸ್ಕತ್ತು ತುಂಬಿಸಿ ಕಳಿಸಿದಳು.

ಆರ್ಲೊ ಪಾತ್ರೆಗಳನ್ನು ಇಳಿಸಿ ಕೈ ಒರೆಸಿಕೊಂಡು ತಿರುಗಿದ. ಗೋಡೆಯ ಮೇಲೆ ಸೂಪು ಊಟದ ಸರದಿಯ ಹಾಳೆ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಹಾಳೆ, ಪಾಸ್ಟರಮ್ಮನ ಮುದ್ದಾದ ಅಕ್ಷರದಲ್ಲಿ.

'ನಮ್ಮ ಆರ್ಲೊನಿಗಾಗಿ. ದಿನಕ್ಕೆ ಒಂದೇ ಮನೆ, ದಯವಿಟ್ಟು. ಗ್ಯಾಸು ಮತ್ತು ಕರೆಂಟು ಮುಟ್ಟಬೇಡಿ. ಕಮೋಡು ಈಗಾಗಲೇ ಮೂರಾಗಿದೆ, ಬೇರೆ ಏನಾದರೂ ಯೋಚಿಸಿ. ಕೆಲಸವನ್ನು ಬಾಯಿ ತುಂಬ ಹೊಗಳಿ. ಅವನಿಗೆ ತಿಳಿಯಬಾರದು.'

ಅದರ ಕೆಳಗೆ ತಾರೀಖು, ಮನೆಯ ಹೆಸರು, ಕೆಡಿಸುವ ವಸ್ತು. ಉಲ್‌ಸ್ಟಾಡ್, ನಲ್ಲಿ. ಗೆರ್ಹಾರ್ಡ್, ಕಪಾಟಿನ ಬಾಗಿಲು. ಹೀಗೆ ಹನ್ನೊಂದು ವಾರ. ಆರ್ಲೊನ ಡೈರಿಯ ನಕಲು ಗೋಡೆಗೆ ಅಂಟಿತ್ತು. ಅಥವಾ ಇದೇ ಅಸಲಿಯಾಗಿ, ಡೈರಿಯೇ ನಕಲಾಗಿತ್ತು. ಅವನು ಅಲ್ಲಿದ್ದ ಪುಟ್ಟ ಮಕ್ಕಳ ಕುರ್ಚಿಯ ಮೇಲೆ ಕುಸಿದು ಕುಳಿತ. ಬಿಸ್ಕತ್ತು ಒಂದನ್ನು ತೆಗೆದು ತಿಂದ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ಪಾಸ್ಟರಮ್ಮ ಲಿನೀಯಾ ಮೆಟ್ಟಿಲಿಳಿದು ಬಂದವಳು ಅವನನ್ನು ನೋಡಿದಳು, ಹಾಳೆಯನ್ನು ನೋಡಿದಳು.

"ಅಯ್ಯೋ ಆರ್ಲೊ."

"ಪಾಸ್ಟರಮ್ಮ, ನನ್ನನ್ನ ಕೆಲಸದಿಂದ ಯಾರೂ ತೆಗೆದಿಲ್ಲ."

"ಇಲ್ಲಿ ಹಾಗೆಲ್ಲ ಹೇಳ್ಬೇಕಾಗಿಲ್ಲಪ್ಪ. ಇದು ದೇವರ ಮನೆ."

"ನಿಜವಾಗ್ಲೂ ತೆಗೆದಿಲ್ಲ."

"ಗೊತ್ತು, ಗೊತ್ತು. ನಿನ್ನ ಮನಸ್ಸಿಗೆ ಹಾಗಿದ್ರೆ ಹಾಗೇ ಇರಲಿ."

"ನಾನೇ ಬಿಟ್ಟೆ ಪಾಸ್ಟರಮ್ಮ."

ಮೂರನೆಯ ಸಲ ಹೇಳಿದ್ದನ್ನು ಹಾಲ್ಬಿಯಲ್ಲಿ ನಂಬಲೇಬೇಕು. ಪಾಸ್ಟರಮ್ಮನ ಮುಖದ ಮೇಲಿನ ಕರುಣೆ ಮೆಲ್ಲಗೆ ಇಳಿಯತೊಡಗಿತು.

"ನೀನೇ ಬಿಟ್ಯಾ?"

"ಹೂಂ."

"ಪಿಂಚಣಿ ಇದ್ದ ಕೆಲಸ?"

"ಹೂಂ."

"ವಿಮೆ ಇದ್ದ ಕೆಲಸ?"

"ಹೂಂ."

"ಆರ್ಲೊ," ಎಂದಳು ಪಾಸ್ಟರಮ್ಮ ಬಹಳ ನಿಧಾನವಾಗಿ, "ನಿನಗೋಸ್ಕರ ನಾನು ಕೈಯಾರೆ ಸ್ನಾನದ ಮನೆ ಬಾಗಿಲು ಕಿತ್ತು, ನನ್ನ ಸರದಿ ಬರೋವರೆಗೂ ನಾಲ್ಕು ದಿನ ಬಾಗಿಲಿಲ್ದೆ ಸ್ನಾನ ಮಾಡಿದ್ದೀನಿ. ಮನೇಲಿ ನಮ್ಮತ್ತೆ ಇದ್ರು."

"ಕ್ಷಮಿಸಿ ಪಾಸ್ಟರಮ್ಮ. ನಾನು ಹೇಳಿದ್ದೆನಲ್ಲ, ಸ್ವಂತವಾಗಿ ಮಾಡ್ತೀನಿ ಅಂತ..."

"ಎಲ್ರೂ ಹಾಗೇ ಹೇಳ್ತಾರಪ್ಪ. ನಿಜವಾಗಿ ಮಾಡೋರು ಯಾರು?" ಎಂದು ಅವಳು ಹಾಳೆಯನ್ನು ಗೋಡೆಯಿಂದ ಕಿತ್ತು ನಾಲ್ಕಾಗಿ ಮಡಚಿದಳು. ಆಮೇಲೆ ಅವಳಿಗೆ ಊರು ನೆನಪಾಯಿತು. "ದೇವರೇ, ಇದನ್ನ ಡೊರೀನ್‌ಗೆ ಯಾರು ಹೇಳೋದು?"

ಯಾರೂ ಹೇಳಬೇಕಾಗಲಿಲ್ಲ. ಆರ್ಲೊ ಮನೆ ತಲುಪುವುದರೊಳಗೆ ಸುದ್ದಿ ಅವನ ಗಾಡಿಯನ್ನು ಹಿಂದೆ ಹಾಕಿತ್ತು. ಕೆಲಸ ಕಳೆದುಕೊಂಡವನನ್ನು ಹಾಲ್ಬಿ ಎದೆಗವಚಿಕೊಳ್ಳುತ್ತದೆ, ಅದಕ್ಕೆ ಆ ವಿದ್ಯೆ ಚೆನ್ನಾಗಿ ಗೊತ್ತು. ಇದ್ದ ಕೆಲಸವನ್ನು ತಾನಾಗಿ ಬಿಟ್ಟು ನೆಟ್ಟಗೆ ನಿಂತವನನ್ನು ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂಚೆಯವಳು ಕಾಗದ ಕೊಟ್ಟು, "ಹೂಂ, ಅದೂ ಒಂಥರಾ" ಎಂದು ಹೋದಳು. ಬ್ಯಾಂಕಿನ ಮ್ಯಾನೇಜರು ರಸ್ತೆಯಲ್ಲಿ ಸಿಕ್ಕಿ, "ಅದೂ ಒಂಥರಾ" ಎಂದರು. ನಮ್ಮ ಕಡೆ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಹೆಂಗಸರು ಮಕ್ಕಳ ಮುಂದೆ ಇದನ್ನು ಆಡುವುದೂ ಕಡಿಮೆ.

ಸಂಜೆ ಐದಕ್ಕೆ ಡೊರೀನ್ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಪಾತ್ರೆ."

"ಇಟ್ಕೊಂಡ್ರೂ ಪರವಾಗಿಲ್ಲ ಅಂತ ನೀನೇ ಅಂದಿದ್ದೆ..." ಎಂದ ಆರ್ಲೊ.

"ಅದು ನಿನಗೆ ಗತಿ ಇಲ್ಲ ಅಂತ ತಿಳ್ಕೊಂಡಾಗ. ಲೊವೆಲ್‌ಗೆ ನಲ್ಲಿ ಬಿಚ್ಚೋಕೆ ಬರೋಲ್ಲ ಗೊತ್ತಾ? ರಾತ್ರಿ ನಿದ್ದೆ ಬಿಟ್ಟು ಕಲಿತ್ರು ನಿನಗಾಗಿ. ಪಾಪ, ಆರ್ಲೊ ಪಾಪ, ಅಂತ. ಕೊಡು ಪಾತ್ರೆ."

ಪಾತ್ರೆಯನ್ನು ಕಂಕುಳಲ್ಲಿಟ್ಟುಕೊಂಡು ಅವಳು ಹಿಮದಲ್ಲಿ ಧಪಧಪ ಹೆಜ್ಜೆ ಹಾಕುತ್ತ ಹೋದಳು. ಅವಳ ಹಿಂದೆ ಇನ್ನಿಬ್ಬರು ಬಂದು ತಮ್ಮ ತಮ್ಮದನ್ನು ಒಯ್ದರು. ಹಿಮದಲ್ಲಿ ಹೂತಿಟ್ಟಿದ್ದ ಅದರಲ್ಲೊಂದು ಇನ್ನೂ ಮುಗಿದಿರಲಿಲ್ಲ.

ಶುಕ್ರವಾರ ಬೆಳಗ್ಗೆ ಫೋನು ಬಡಿದುಕೊಳ್ಳಲಿಲ್ಲ. ಆರ್ಲೊ ಮಧ್ಯಾಹ್ನ ಎರಡೂವರೆಯವರೆಗೆ ಅದರ ಮುಂದೆ ಕುಳಿತಿದ್ದ, ಒಮ್ಮೆ ಎತ್ತಿ ಕಿವಿಗಿಟ್ಟುಕೊಂಡು ಸತ್ತಿದೆಯೇ ಎಂದು ನೋಡಿದ. ಬದುಕಿತ್ತು. ಆಮೇಲೆ ಒಂದು ಬಿಳಿ ಹಾಳೆ ತೆಗೆದು, ಸಣ್ಣ ಅಕ್ಷರದಲ್ಲಿ, 'ಬರ್ತೀನಿ' ಎಂದು ಬರೆದ. ಸಹಿಯ ಕೆಳಗೆ ಗೆರೆ ಎಳೆಯಲಿಲ್ಲ.

ಮಾರ್ಲಿಸ್ ಎದುರಿಗೆ ಕುಳಿತಳು.

"ಹನ್ನೊಂದು ವಾರ, ಮಾರ್ಲಿಸ್. ಹನ್ನೊಂದು ವಾರದಲ್ಲಿ ಒಂದು ಕೆಲಸಾನೂ ನಿಜ ಅಲ್ಲ. ನಾನು ಎಲ್ಲಾ ಕಡೆ ಡೈರಿ ತಿರುವಿ ತೋರಿಸ್ತಿದ್ದೆ. ನಾಚಿಕೆ ಆಗುತ್ತೆ ಕಣೇ."

"ನೀನು ಬಿಗಿದಿದ್ದು ಸೋರಿತಾ?"

"ಸೋರೋಕೆ ಅದು ಕೆಟ್ಟೇ ಇರ್ಲಿಲ್ವಲ್ಲ. ನಿನ್ನ ಕಾಲು ಇಟ್ಕೊಂಡು ನಾನು ಆಟ ಆಡೋಕಾಗೋಲ್ಲ. ಹೋಗಿ ಕೊಟ್ಟು ಬರ್ತೀನಿ."

ಆಪರೇಷನ್ ಆಗುತ್ತದೆ ಎಂದು ಮಾರ್ಲಿಸ್‌ಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಎದ್ದು ಹೋಗಿ ಫ್ರಿಜ್ಜಿನ ಮೇಲಿದ್ದ ದಪ್ಪ ಅಕ್ಷರದ ಕಾಗದವನ್ನು ಬಿಡಿಸಿಕೊಂಡಳು, ಹರಿಯಲು ಮನಸ್ಸು ಬರದೆ ಕೈಚೀಲಕ್ಕೆ ಹಾಕಿದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಲೊವೆಲ್, ಪಿಸುಗುಟ್ಟುತ್ತಿದ್ದ.

"ಆರ್ಲೊ, ಏಪ್ರಿಲ್ ನಾಲ್ಕಕ್ಕೆ ನಮ್ಮದು ಎರಡನೇ ಸರದಿ ಇತ್ತು. ಸಿಂಕಿನ ಕೆಳಗಿನ ಪೈಪು ಮೊದ್ಲೇ ಸಡಿಲ ಮಾಡಿಟ್ಟಿದ್ದೆ. ನಿನ್ನೆ ಡೊರೀನ್ ಸಿಟ್ಟಲ್ಲಿ, ಈಗಲೇ ಬಿಗೀರಿ ಅದನ್ನ, ಅಂದ್ಲು. ಬಿಗಿದೆ. ಜಾಸ್ತಿ ಬಿಗಿದೆ ಅನ್ಸುತ್ತೆ."

"ಸೋರ್ತಿದೆಯಾ?"

"ಸೋರೋದು ಅಂತ ಹೇಳೋಕಾಗೋಲ್ಲ. ಬೆಕ್ಕು ಮೇಜು ಹತ್ತಿದೆ."

ಹಿಂದಿನಿಂದ ಡೊರೀನ್‌ಳ ದನಿ ಕೇಳಿತು: "ಆ ಬ್ರೆಕೆ ಮುಂದಿನ ಗುರುವಾರ ಬರ್ತಾನಂತೆ. ಕೇಳಿ ಆರ್ಲೊನನ್ನ, ಅವನಾದ್ರೂ ಬರ್ತಾನೋ ಇಲ್ವೋ. ಬರೋದಾದ್ರೆ ಬೇಗ ಬರ್ಲಿ."

ಆರ್ಲೊ ಗಡಿಯಾರ ನೋಡಿದ. ಮೂರು ಗಂಟೆ. ಪೆಟ್ಟಿಗೆ ಎತ್ತಿಕೊಂಡು, 'ಬರ್ತೀನಿ' ಕಾಗದವನ್ನು ಹೆಂಡತಿಯ ಕೈಗೆ ತುರುಕಿದ. "ನೀನೇ ಕೊಟ್ಟುಬಿಡು ಕಾರ್ಲೀನ್‌ಗೆ. ಅಲ್ಲಿ ನೀರು ನಿಂತಿದೆ."

ಉಲ್‌ಸ್ಟಾಡ್ ಅಡುಗೆಮನೆಯಲ್ಲಿ ನೀರು ಪಾದ ಮುಳುಗುವಷ್ಟಿತ್ತು. ಆರ್ಲೊ ನೀರಿನ ಮುಖ್ಯ ವಾಲ್ವು ಮುಚ್ಚಿ, ಸಿಂಕಿನ ಕೆಳಗೆ ಅಂಗಾತ ತೂರಿಕೊಂಡ. ಪೈಪು ಉದ್ದಕ್ಕೂ ಸೀಳಿಹೋಗಿತ್ತು. ಅದನ್ನು ಕತ್ತರಿಸಿ ಹೊಸದು ಕೂರಿಸಬೇಕು, ಮೂಲೆ ಇಕ್ಕಟ್ಟು, ನಟ್ಟು ತುಕ್ಕು. ಡೊರೀನ್ ಕುರ್ಚಿಯ ಮೇಲೆ ಕಾಲು ಮೇಲೆತ್ತಿ ಕುಳಿತು ಮೇಲ್ವಿಚಾರಣೆಗೆ ತೊಡಗಿದಳು.

"ಆ ಬೂಟು ಹಾಕ್ಕೊಂಡೇ ನಡುಮನೆ ಕಾರ್ಪೆಟ್ ತುಳಿದ್ಯಲ್ಲ, ಕಣ್ಣು ಕಾಣಿಸ್ತಿತ್ತಾ?"

"ಅವಸರದಲ್ಲಿ..." ಎಂದು ಸಿಂಕಿನ ಕೆಳಗಿನಿಂದ ಬಂತು.

"ಅವಸರ ಇದ್ದೋನು ಅರ್ಧ ಗಂಟೆಯಿಂದ ಒಂದು ನಟ್ಟು ತಿರುಗಿಸ್ತಿದ್ದಾನೆ. ಹೊಸ ಪೈಪು ಸೊಟ್ಟ ಕಾಣಿಸ್ತಿದೆ. ಲೊವೆಲ್, ಸೊಟ್ಟ ಅಲ್ವಾ?"

ಲೊವೆಲ್ ಸೂರು ನೋಡಿದ.

"ಸೊಟ್ಟ ಇಲ್ಲ ಡೊರೀನ್. ನೀನು ಕೂತಿರೋದು ಸೊಟ್ಟ" ಎಂದ ಆರ್ಲೊ. ಹಾಗೆ ಎದುರುತ್ತರ ಕೊಟ್ಟು ಅವನಿಗೆ ಅಭ್ಯಾಸವಿರಲಿಲ್ಲ. ಕೈಗೆ ತುಕ್ಕು, ಕಿವಿಗೆ ನೀರು, ಬೆನ್ನಿಗೆ ತಣ್ಣನೆಯ ನೆಲ. ಮೂರು ತಿಂಗಳಲ್ಲಿ ಮೊದಲ ಸಲ ಅವನಿಗೆ ನಿಜವಾಗಿ ಕಷ್ಟವಾಗುತ್ತಿತ್ತು. ಅವನಿಗೆ ತಿಳಿಯದೆ ಸಿಳ್ಳೆ ಶುರುವಾಯಿತು.

"ಸಿಳ್ಳೆ ಬೇರೆ" ಎಂದಳು ಡೊರೀನ್.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಆರ್ಲೊನ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ಎರಡು ಕೈಯೂ ಪೈಪಿನ ಮೇಲೆ. ಡೊರೀನ್ ನೀರಿಗಿಳಿದು, ಬಗ್ಗಿ, ಅವನ ಜೇಬಿನಿಂದ ಅದನ್ನು ತೆಗೆದು, ಸ್ಪೀಕರ್ ಒತ್ತಿ ಅವನ ತಲೆಯ ಹತ್ತಿರ ಹಿಡಿದಳು.

"ಆರ್ಲೊ," ಎಂದಳು ಮಾರ್ಲಿಸ್. "ಕಾರ್ಲೀನ್ ಆಫೀಸಲ್ಲಿದ್ದೀನಿ. ನನ್ನ ಕೈಯಲ್ಲಿ ಎರಡೂ ಕಾಗದ ಇದೆ. ಒಂದು ಸಲ ಕೇಳಿ ಕೊಡೋಣ ಅನ್ನಿಸ್ತು. ಯಾವುದು ಕೊಡ್ಲಿ?"

ಸಿಂಕಿನ ಕೆಳಗೆ ಸಿಳ್ಳೆ ನಿಂತಿತು. "ಹೇಳಿದ್ನಲ್ಲ, ಬರ್ತೀನಿ ಅಂತಿರೋದು ಕೊಡು" ಎಂದ ಆರ್ಲೊ ಸಣ್ಣ ದನಿಯಲ್ಲಿ.

"ಎಲ್ಲಿಗೆ ಬರ್ತೀನಿ?" ಎಂದಳು ಡೊರೀನ್. "ಮಾರ್ಲಿಸ್, ನಾನು ಡೊರೀನ್. ಇವನನ್ನ ಎಲ್ಲಿಗೂ ಕಳ್ಸೋಲ್ಲ ನಾನು. ಇದು ಮುಗಿಯೋ ಹಾಗೇ ಕಾಣಿಸ್ತಿಲ್ಲ. ಕೆಳಗೆ ನೆಲಮಾಳಿಗೆ ಬೇರೆ ಒದ್ದೆ ಆಗಿದೆ, ಅದು ನಾಳೆ. ಸೋಮವಾರ ಗೆರ್ಹಾರ್ಡ್ ಮನೆ. ಬೇರೆ ಏನಾದ್ರೂ ಯೋಚಿಸಿ ಅಂದಿದ್ರೂ ಅವನು ಕಮೋಡೇ ಬಿಚ್ಚಿದ್ದಾನೆ, ಈಗ ಜೋಡ್ಸೋಕೆ ಬರ್ತಿಲ್ಲ. ಮೂರು ದಿನದಿಂದ ಪೆಟ್ರೋಲ್ ಬಂಕಿಗೆ ಹೋಗಿ ಬರ್ತಿದ್ದಾನೆ, ಹೇಳ್ಕೊಳ್ಳೋಕೆ ಅವಮಾನ ಅವನಿಗೆ. ಅಂಚೆಯವಳು ಸರದಿಗೆ ಅಂತ ಮತ್ತೆ ಬಿಚ್ಚಿದ ಗ್ಯಾರೇಜು ಬಾಗಿಲು ಮೇಲೆ ಹೋದದ್ದು ಕೆಳಗೇ ಬಂದಿಲ್ಲ. ಊರೆಲ್ಲ ಬಿಚ್ಚಿಕೊಂಡು ಬಿದ್ದಿದೆ. ಇವನು ಶಾಲೆಗೆ ಹೋಗಿ ಕೂತ್ರೆ ಇದನ್ನೆಲ್ಲ ಯಾರು ಮಾಡ್ತಾರೆ, ಲೊವೆಲ್ಲಾ?"

ಹಾಲ್ಬಿ ಹುಟ್ಟಿದಾಗಿನಿಂದ ಅಲ್ಲಿ ಯಾರೂ ಕೇಳದ ಹಾಗೆ, ಮಾರ್ಲಿಸ್ ನೇರವಾಗಿ ಕೇಳಿದಳು.

"ಡೊರೀನ್, ನಿಜ ಹೇಳು. ಪಾಪ ಅಂತ ಹೇಳ್ತಿದ್ದೀಯಾ?"

"ಪಾಪಾನಾ? ಇವನಾ?" ಡೊರೀನ್‌ಗೆ ಸಿಟ್ಟು ನೆತ್ತಿಗೇರಿತು. "ಬಾ ನೀನೇ, ಬಂದು ನನ್ನ ಕಾರ್ಪೆಟ್ ನೋಡು. ಒಂದು ಗಂಟೆ ಆಯ್ತು, ಇನ್ನೂ ಒಂದು ತೊಟ್ಟು ನೀರು ಬಿಟ್ಟಿಲ್ಲ, ಮೇಲಿಂದ ನನಗೇ ಎದುರು ಮಾತಾಡ್ತಾನೆ. ಪಾಪ ಅಂತೆ. ಈ ಪೈಪು ಮತ್ತೆ ಸೋರಲಿ, ಬೆಳ್ಳಂಬೆಳಗ್ಗೆ ಎಬ್ಬಿಸಿ ಕರ್ಕೊಂಡು ಬರ್ತೀನಿ ಇವನನ್ನ."

ಫೋನಿನ ಆ ಕಡೆ ಕಾಗದ ಮೇಜಿನ ಮೇಲೆ ಸರಿದ ಸದ್ದು ಕೇಳಿಸಿತು. ಮಾರ್ಲಿಸ್ ನಗುತ್ತಿದ್ದಳೋ ಅಳುತ್ತಿದ್ದಳೋ, ಸಿಂಕಿನ ಕೆಳಗಿದ್ದವನಿಗೆ ಗೊತ್ತಾಗಲಿಲ್ಲ.

"ಎರಡು ಗೆರೆ ಎಳೆದಿರೋದನ್ನ ಕೊಟ್ಟೆ" ಎಂದಳು.

ಡೊರೀನ್ ಫೋನು ಆರಿಸಿ ಅವನ ಎದೆಯ ಮೇಲಿಟ್ಟಳು.

"ಕೊಟ್ಲಂತೆ. ಏನು ಹಾಗೇ ಮಲಗಿದ್ದೀಯ? ಕೆಲಸ ನೋಡು."